ಕೆರೆಯ ವೆಚ್ಚ–ಲಾಭ ವರದಿ: ಕೋಷ್ಟಕ ಅಚ್ಚುಕಟ್ಟು, ಎಣಿಕೆ ಅರ್ಧ

ಕುಷ್ಟಗಿ ತಾಲ್ಲೂಕಿನ ನಮ್ಮೂರ ಕೆರೆಯ ಹೂಳೆತ್ತಲು ಸರ್ಕಾರದ ಅನುದಾನ ಕೇಳುವ ಮುನ್ನ, ಕೆರೆ ಸಮಿತಿಯ ಪರವಾಗಿ ಸಲಹಾ ಸಂಸ್ಥೆಯೊಂದರಿಂದ ವೆಚ್ಚ–ಲಾಭ ವಿಶ್ಲೇಷಣೆ ಮಾಡಿಸಿದೆವು. ವರದಿ ಹೇಳಿದ ದಿನಕ್ಕೇ ಕೈಸೇರಿತು. ಇಂಥ ಸೇವೆ ಪಡೆಯಬೇಕೆಂದಿರುವ ಊರಿನವರಿಗೆ ಉಪಯೋಗವಾದೀತೆಂದು ನಮ್ಮ ಅನುಭವವನ್ನು ಬರೆಯುತ್ತಿದ್ದೇನೆ.

ವೆಚ್ಚದ ಭಾಗವನ್ನು ಮೆಚ್ಚಲೇಬೇಕು. ಬಂದವರು ಏರಿಯ ಮೇಲೆ ನಡೆದು, ತೂಬು, ಕೋಡಿಗಳನ್ನು ಅಳೆದು, ಹಿಟಾಚಿಯ ಗಂಟೆ, ಟಿಪ್ಪರ್ ಟ್ರಿಪ್ಪು, ವರ್ಷವರ್ಷದ ದುರಸ್ತಿ ಎಲ್ಲವನ್ನೂ ಲೆಕ್ಕಕ್ಕೆ ತಂದಿದ್ದಾರೆ. ಅನೇಕ ಯೋಜನಾ ವರದಿಗಳು ಕೂಲಿಯ ಹಣವನ್ನೇ ಲಾಭವೆಂದು ತೋರಿಸುತ್ತವೆ. ಇವರು ಅದನ್ನು ವೆಚ್ಚದಲ್ಲಿಯೇ ಇಟ್ಟಿದ್ದಾರೆ. ಹೂಳೆತ್ತುವ ಮೊದಲು ಹೇಗಿತ್ತು, ಆಮೇಲೆ ಹೇಗಾಯಿತು ಎಂದು ಹೋಲಿಸದೆ, ಹೂಳೆತ್ತದೆ ಬಿಟ್ಟರೆ ಕೆರೆ ಹೂಳಿನಿಂದ ಇನ್ನೆಷ್ಟು ತುಂಬಿಹೋಗುತ್ತದೆ ಎಂಬುದರೊಂದಿಗೆ ಹೋಲಿಸಿರುವುದೂ ಸರಿಯಾದ ಕ್ರಮವೇ.

ತಕರಾರು ಶುರುವಾದದ್ದು ಬಡ್ಡಿಯ ದರದಿಂದ. ಮುಂದೆ ಬರುವ ಲಾಭವನ್ನು ಇಂದಿನ ಬೆಲೆಗೆ ಇಳಿಸಲು ಇವರು ಶೇ 10ರ ದರವೊಂದನ್ನೇ ಬಳಸಿದ್ದರು. ಆ ದರದಲ್ಲಿ 20 ವರ್ಷಗಳ ನಂತರದ 100 ರೂಪಾಯಿಗೆ ಇಂದಿನ ಬೆಲೆ 15 ರೂಪಾಯಿಗೂ ತುಸು ಕಡಿಮೆ. ಶೇ 5 ಹಿಡಿದರೆ ಸುಮಾರು 38 ರೂಪಾಯಿ. ಹಣ ಮೊದಲ ವರ್ಷವೇ ಖರ್ಚಾಗಿ ಫಲ ನಿಧಾನವಾಗಿ ಬರುವ ಕೆರೆಯಂಥ ಕೆಲಸಕ್ಕೆ ಈ ಒಂದು ಅಂಕಿಯೇ ಹಣೆಬರಹ ಬರೆಯುತ್ತದೆ. ನೀರಾವರಿ ಯೋಜನೆಗಳಿಗೆ ಸಾಮಾನ್ಯವಾಗಿ 1.5ರ ಲಾಭ–ವೆಚ್ಚ ಅನುಪಾತ (ಒಂದು ರೂಪಾಯಿ ವೆಚ್ಚಕ್ಕೆ ಒಂದೂವರೆ ರೂಪಾಯಿ ಲಾಭ) ಬೇಕು, ಬರಪೀಡಿತ ಪ್ರದೇಶಕ್ಕೆ 1 ಇದ್ದರೂ ಸಾಕು ಎಂಬ ಕೇಂದ್ರದ ಮಾನದಂಡವನ್ನು ವರದಿ ಉಲ್ಲೇಖಿಸಿದೆ. ಆದರೆ ದರ ಬದಲಾದರೆ ಅನುಪಾತ ಎಲ್ಲಿಗೆ ಹೋಗುತ್ತದೆ ಎಂಬ ಕೋಷ್ಟಕವನ್ನು ನಾವೇ ಕೇಳಿ ಹಾಕಿಸಬೇಕಾಯಿತು.

ಇನ್ನು ಹೂಳಿನ ವಿಷಯ. ಹೂಳು ತುಂಬಿ ತುಂಗಭದ್ರಾ ಜಲಾಶಯದ ಸಾಮರ್ಥ್ಯ 133 ಟಿಎಂಸಿಯಿಂದ ಸುಮಾರು 105 ಟಿಎಂಸಿಗೆ ಇಳಿದಿದ್ದರೂ ಅಲ್ಲಿನ ಹೂಳು ತೆಗೆಯುವುದು ಗಿಟ್ಟುವುದಿಲ್ಲ, ತೆಗೆದರೂ ಎಲ್ಲಿ ಹಾಕುವುದು ಎಂಬ ಮಾತಿನಿಂದಲೇ ಅಲ್ಲಿ ಹಿಡಿಸದ ನೀರನ್ನು ಬೇರೆಡೆ ಹಿಡಿದಿಡುವ ನವಲಿ ಸಮತೋಲನ ಜಲಾಶಯದ ಪ್ರಸ್ತಾವ ಬಂದದ್ದು ನಮ್ಮ ಕಡೆಯವರಿಗೆಲ್ಲ ಗೊತ್ತು. ವರದಿಕಾರರು ಅದೇ ಲೆಕ್ಕವನ್ನು ಊರ ಕೆರೆಗೂ ಹಾಕಿ, ಹೂಳನ್ನು ದೂರ ಸಾಗಿಸಿ ಸುರಿಯುವ ಖರ್ಚು ಬರೆದಿದ್ದರು. ಸಭೆಯಲ್ಲಿ ರೈತರೊಬ್ಬರು ಕೆರೆಯ ಕರಿಮಣ್ಣಿನ ಹೆಂಟೆಯನ್ನು ಮೇಜಿನ ಮೇಲಿಟ್ಟು ಬೆರಳಲ್ಲಿ ಪುಡಿಮಾಡಿ, “ಇದನ್ನ ಒಯ್ಯಾಕ ನಾವ ಟ್ರ್ಯಾಕ್ಟರ್ ತರ್ತೀವ್ರಿ, ನೀವು ಚೆಲ್ಲಾಕ ರೊಕ್ಕ ಹಾಕೀರಲ್ಲ” ಎಂದರು. ಮಸಾರಿ (ಕೆಂಪುಮಣ್ಣಿನ) ಹೊಲಕ್ಕೆ ಕೆರೆ ಮಣ್ಣು ಹಾಕಿದರೆ ತೇವ ಹೆಚ್ಚು ದಿನ ನಿಲ್ಲುತ್ತದೆ, ಗೊಬ್ಬರವೂ ಉಳಿಯುತ್ತದೆ. ವೆಚ್ಚದ ಸಾಲಿನಲ್ಲಿದ್ದದ್ದು ಹೀಗೆ ಲಾಭದ ಸಾಲಿಗೆ ಬಂತು.

ನಮಗೆ ಅನುಕೂಲವಾಗಿದ್ದ ತಪ್ಪೂ ಒಂದಿತ್ತು, ಅದನ್ನೂ ತೆಗೆಸಿದೆವು. ಕೊಳವೆಬಾವಿಗಳಲ್ಲಿ ನೀರು ಏರುವುದರಿಂದ ಹೆಚ್ಚುವ ಬೆಳೆಯ ಆದಾಯವನ್ನು ಎಣಿಸಿದ ಮೇಲೆ, ಅದೇ ಕಾರಣಕ್ಕೆ ಏರುವ ಜಮೀನಿನ ಬೆಲೆಯನ್ನೂ ಸೇರಿಸಿದ್ದರು. ಒಂದೇ ರೂಪಾಯಿಯನ್ನು ಎರಡು ಸಲ ಎಣಿಸಿದಂತೆ.

ಸಾಗಣೆ ಖರ್ಚು ಹೋಗಿ ಜಮೀನಿನ ಬೆಲೆಯೂ ಹೋದ ಮೇಲೆ ಅನುಪಾತ 1ಕ್ಕಿಂತ ಮೇಲೆಯೇ ನಿಂತಿತು. ತಿದ್ದಿದ ಪ್ರತಿಗೆ ಪ್ರತ್ಯೇಕ ಶುಲ್ಕ ಕೇಳಿದ್ದು ಹಿಡಿಸಲಿಲ್ಲ. ಐದರಲ್ಲಿ ಮೂರು ಅಂಕ ಕೊಡುತ್ತೇನೆ. ನೀರು ಹಿಂದೆ ಸರಿದಾಗ ಕೆರೆಯಂಗಳದಲ್ಲಿ ಕಡಲೆ ಬಿತ್ತಿಕೊಳ್ಳುವ ಭೂಮಿಯಿಲ್ಲದ ಕುಟುಂಬಗಳ ನಷ್ಟ ತಿದ್ದಿದ ಪ್ರತಿಯಲ್ಲಿಯೂ ಇಲ್ಲ; ಅದನ್ನು ಅರ್ಜಿಯ ಜೊತೆ ಬೇರೆ ಹಾಳೆಯಲ್ಲಿ ನಾವೇ ಬರೆದು ಲಗತ್ತಿಸಿದ್ದೇವೆ.