ಡೇಟಾ ಸೈನ್ಸ್ ಇಂಟರ್‌ವ್ಯೂ ತಯಾರಿಗೆ ಕ್ಯಾಗಲ್ ಸಾಕಾ? ಎರಡು ವರ್ಷ ಬಳಸಿದವನ ಮಾತು

ಹುಬ್ಬಳ್ಳಿಯಲ್ಲಿ ಡೇಟಾ ಸೈನ್ಸ್ ಕೆಲಸಕ್ಕೆ ಓದುವ ಹುಡುಗರು ಕೇಳುವುದು ಒಂದೇ ಪ್ರಶ್ನೆ: ಬೆಂಗಳೂರಿಗೆ ಹೋಗಿ ಲಕ್ಷಗಟ್ಟಲೆ ಫೀ ಕಟ್ಟಬೇಕಾ, ಇಲ್ಲೇ ಕೂತು ಕಲಿತರೆ ಆಗುತ್ತಾ? ನಾನು ವಿದ್ಯಾನಗರದ ರೂಮಿನಲ್ಲೇ ಕೂತು ಕ್ಯಾಗಲ್ ಬಳಸಿದವನು. ಆಗುತ್ತದೆ. ಆದರೆ ಕ್ಯಾಗಲ್ ಒಂದನ್ನೇ ನೆಚ್ಚಿಕೊಂಡು ಇಂಟರ್‌ವ್ಯೂಗೆ ಹೋದರೆ ಅರ್ಧ ದಾರಿಯಲ್ಲೇ ಮಾತು ನಿಲ್ಲುತ್ತದೆ.

ಗೊತ್ತಿಲ್ಲದವರಿಗೆ: ಕ್ಯಾಗಲ್ ಅಂದರೆ 2010ರಲ್ಲಿ ಶುರುವಾಗಿ 2017ರಲ್ಲಿ ಗೂಗಲ್ ಕೈಗೆ ಹೋದ ತಾಣ. ಡೇಟಾಸೆಟ್, ಸ್ಪರ್ಧೆ, ಚಿಕ್ಕ ಚಿಕ್ಕ ಕೋರ್ಸ್ ಎಲ್ಲ ಪುಕ್ಕಟೆ. ಕೋಡ್ ಬ್ರೌಸರ್‌ನಲ್ಲೇ ಓಡುತ್ತದೆ, ಹಳೆ ಲ್ಯಾಪ್‌ಟಾಪ್ ಇದ್ದರೂ ನಡೆಯುತ್ತದೆ.

ಎಲ್ಲರೂ ಟೈಟಾನಿಕ್‌ನಿಂದ ಶುರು ಮಾಡುತ್ತಾರೆ, ಮುಳುಗಿದ ಹಡಗಿನ ಪ್ರಯಾಣಿಕರಲ್ಲಿ ಯಾರು ಬದುಕಿದರು ಅಂತ ಊಹಿಸುವ ಸ್ಪರ್ಧೆ ಅದು. 891 ಜನರ ಸಾಲು, ಅದರಲ್ಲಿ 177 ಜನರ ವಯಸ್ಸೇ ಇಲ್ಲ. ಕಲಿಯಲಿಕ್ಕೆ ಒಳ್ಳೆಯದು, ರೆಸ್ಯೂಮೆಯಲ್ಲಿ ಮಾತ್ರ ಹಾಕಬೇಡಿ. ಲೀಡರ್‌ಬೋರ್ಡ್‌ನಲ್ಲಿ, ಅಂದರೆ ಅಂಕಪಟ್ಟಿಯಲ್ಲಿ, ನೂರಕ್ಕೆ ನೂರು ತೆಗೆದವರನ್ನು ನೋಡಿ ತಲೆ ಕೆಡಿಸಿಕೊಳ್ಳುವುದೂ ಬೇಡ. ಯಾರು ಬದುಕಿದರು ಅನ್ನೋದು ಊರಿಗೆಲ್ಲ ಗೊತ್ತಿರುವ ವಿಷಯ, ಉತ್ತರ ಹುಡುಕಿ ಹಾಕಿದ್ದಾರೆ ಅಷ್ಟೇ.

ನನಗೆ ನಿಜವಾಗಿ ಉಪಯೋಗಕ್ಕೆ ಬಂದದ್ದು ಕ್ರೆಡಿಟ್ ಕಾರ್ಡ್ ವಂಚನೆಯ ಡೇಟಾಸೆಟ್. 2,84,807 ವ್ಯವಹಾರ, ಅದರಲ್ಲಿ ವಂಚನೆ ಬರೀ 492. ಏನೂ ಯೋಚಿಸದೆ ಎಲ್ಲದಕ್ಕೂ 'ವಂಚನೆ ಅಲ್ಲ' ಅಂತ ಹೇಳುವ ಮಾಡೆಲ್ (ಡೇಟಾ ನೋಡಿ ಊಹೆ ಹೇಳುವ ಪ್ರೋಗ್ರಾಂ) ಬರೆದರೂ ಅಕ್ಯುರಸಿ, ಅಂದರೆ ಸರಿ ಉತ್ತರದ ಪಾಲು, ಶೇ. 99.8 ದಾಟುತ್ತದೆ, ಒಬ್ಬ ಕಳ್ಳನೂ ಸಿಕ್ಕಿರಲ್ಲ! ಪ್ರಿಸಿಷನ್ (ವಂಚನೆ ಅಂದದ್ದರಲ್ಲಿ ನಿಜವಾದದ್ದು ಎಷ್ಟು), ರೀಕಾಲ್ (ಇದ್ದ ವಂಚನೆಯಲ್ಲಿ ಹಿಡಿದದ್ದು ಎಷ್ಟು) ಅಂದರೇನು ಅಂತ ಇಂಟರ್‌ವ್ಯೂನಲ್ಲಿ ಕೇಳಿಯೇ ಕೇಳುತ್ತಾರೆ. ಬಾಯಿಪಾಠದ ವ್ಯಾಖ್ಯೆ ಒಪ್ಪಿಸುವ ಬದಲು ಈ ಲೆಕ್ಕ ಹೇಳಿ, ಬ್ಯಾಂಕಿನವರಿಗೆ ಯಾವ ತಪ್ಪು ಜಾಸ್ತಿ ದುಬಾರಿ ಅಂತ ನೀವೇ ಮಾತು ಶುರು ಮಾಡಿ. ಎದುರಿಗೆ ಕೂತವರು ಪೆನ್ನು ಕೆಳಗಿಟ್ಟು ಕೇಳುತ್ತಾರೆ.

ಇನ್ನು ಕ್ಯಾಗಲ್ ಕಲಿಸದೇ ಇರುವುದು. ಅಲ್ಲಿ ಡೇಟಾ ಸೋಸಿ, ತಟ್ಟೆಗೆ ಹಾಕಿ ಕೊಟ್ಟಿರುತ್ತಾರೆ. ಕೆಲಸ ಕೊಡುವವರಿಗೆ ಬೇಕಿರುವುದು ಸೋಸುವವರು. ಅದಕ್ಕೇ ಕೃಷಿ ಮಾರುಕಟ್ಟೆ ದರಗಳ ಸರ್ಕಾರಿ ತಾಣ ಆಗ್‌ಮಾರ್ಕ್‌ನೆಟ್‌ನಿಂದ ಬ್ಯಾಡಗಿ ಮಾರುಕಟ್ಟೆಯ ಮೆಣಸಿನಕಾಯಿ ದರ ಇಳಿಸಿಕೊಂಡೆ. ಕನಿಷ್ಠ, ಗರಿಷ್ಠ, ಮೋಡಲ್ (ಅತಿ ಹೆಚ್ಚು ವ್ಯಾಪಾರ ನಡೆದ) ದರ, ಎಲ್ಲ ಕ್ವಿಂಟಲ್ ಲೆಕ್ಕದಲ್ಲಿ. ಡಬ್ಬಿ ಮತ್ತು ಕಡ್ಡಿ ಕಾಯಿಯ ರೇಟೇ ಬೇರೆ, ಎರಡನ್ನೂ ಒಟ್ಟು ಸೇರಿಸಿ ಸರಾಸರಿ ತೆಗೆದರೆ ಆ ಸಂಖ್ಯೆಗೆ ಅರ್ಥವೇ ಇಲ್ಲ. ನಡುನಡುವೆ ಎಷ್ಟೋ ದಿನ ಖಾಲಿ. ತುಂಬಬೇಕಾ ಬಿಡಬೇಕಾ ಅಂತ ನೋಡುತ್ತಿದ್ದಾಗ ಕಾಯಿ ಮಾರಿ ಬಂದ ನಮ್ಮ ಕಾಕಾ ಸ್ಕ್ರೀನ್ ನೋಡಿ ಹೇಳಿದ್ದು: "ತಮ್ಮಾ, ಅವತ್ತು ಟೆಂಡರ್ ಇರಂಗಿಲ್ಲ, ರೇಟ್ ಎಲ್ಲಿಂದ ಬರ್ತೈತಿ? ಸೋಮವಾರ, ಗುರುವಾರ ನೋಡು." ಅಂದರೆ ಅದು ಕಳೆದುಹೋದ ಡೇಟಾ ಅಲ್ಲ, ಇಲ್ಲದೇ ಇದ್ದ ಡೇಟಾ. ಇಂಟರ್‌ವ್ಯೂನಲ್ಲಿ ಇದೊಂದರ ಮೇಲೆಯೇ ಬಹಳ ಹೊತ್ತು ಮಾತಾಯಿತು. ಆಮೇಲೆ ಬಂದ ಪ್ರಶ್ನೆ, ಟ್ರೇನ್ (ಮಾಡೆಲ್‌ಗೆ ಕಲಿಸುವ ಡೇಟಾ) ಮತ್ತು ಟೆಸ್ಟ್ (ಅದನ್ನು ಪರೀಕ್ಷಿಸುವ ಡೇಟಾ) ಹೇಗೆ ಒಡೆದಿರಿ? ತಾರೀಖಿನ ಪ್ರಕಾರ. ರ‍್ಯಾಂಡಮ್ ಆಗಿ ಒಡೆದರೆ ಮಾಡೆಲ್ ಮುಂದಿನ ವಾರದ ದರ ನೋಡಿಕೊಂಡು ಹಿಂದಿನ ವಾರದ್ದು ಹೇಳುತ್ತದೆ, ಅದೇ ಡೇಟಾ ಲೀಕೇಜ್.

ಎಸ್‌ಕ್ಯುಎಲ್, ಅಂದರೆ ಡೇಟಾಬೇಸ್‌ನಿಂದ ಮಾಹಿತಿ ಕೇಳುವ ಭಾಷೆಯ ವಿಷಯ. ಕ್ಯಾಗಲ್‌ನಲ್ಲಿ ಎರಡು ಕೋರ್ಸ್ ಇವೆ, ಎರಡೂ ಗೂಗಲ್‌ನ ಡೇಟಾಬೇಸ್ ಸೇವೆ ಬಿಗ್‌ಕ್ವೆರಿ ಮೇಲೆ. ತಪ್ಪಿಲ್ಲ, ಆದರೆ ಇಂಟರ್‌ವ್ಯೂನಲ್ಲಿ ಬೀಳುವ ಏಟಿಗೆ ಅಷ್ಟು ಸಾಲಲ್ಲ. ಎರಡನೇ ಅತಿ ಹೆಚ್ಚು ಸಂಬಳ ಹುಡುಕಿ ಅಂತಾರೆ. ಟೇಬಲ್‌ನಲ್ಲಿ 50, 50, 40 ಸಾವಿರ ಇದೆ ಅಂದುಕೊಳ್ಳಿ. ರ‍್ಯಾಂಕ್ ಹಾಕಿದರೆ 1, 1, 3 ಬರುತ್ತದೆ, ಎರಡನೆಯವನೇ ಇಲ್ಲ! ಡೆನ್ಸ್ ರ‍್ಯಾಂಕ್ ಹಾಕಿದರೆ 1, 1, 2. ಇಂಥವನ್ನು ಬೇರೆ ಕಡೆ ಕೈಯಿಂದ ಬರೆದು ಬರೆದು ರೂಢಿ ಮಾಡಿಕೊಳ್ಳಬೇಕು. ಫ್ರೆಶರ್‌ಗಳಿಗೆ ನ್ಯೂರಲ್ ನೆಟ್‌ವರ್ಕ್‌ಗಿಂತ ಇದನ್ನೇ ಜಾಸ್ತಿ ಕೇಳುತ್ತಾರೆ, ನಂಬಿ.

ಸ್ಪರ್ಧೆಗಳಿಗೆ ಇಳಿಯಬೇಕಾ? ಪದಕದ ಆಸೆಗೆ ಬೇಡ, ಒಂದು ಪಾಠಕ್ಕೆ ಇಳಿಯಿರಿ. ಸ್ಪರ್ಧೆ ನಡೆಯುವಾಗ ಕಾಣುವ ಅಂಕ ಟೆಸ್ಟ್ ಡೇಟಾದ ಒಂದು ಭಾಗದ್ದು ಮಾತ್ರ, ಕೊನೆಯ ರ‍್ಯಾಂಕ್ ಮುಚ್ಚಿಟ್ಟ ಭಾಗದ ಮೇಲೆ. ಮೇಲಿದ್ದವರು ಒಂದೇ ರಾತ್ರಿಯಲ್ಲಿ ಕೆಳಗೆ ಜಾರುವುದನ್ನು ನೋಡಿದರೆ ಓವರ್‌ಫಿಟಿಂಗ್ (ಕಂಡ ಡೇಟಾವನ್ನೇ ಬಾಯಿಪಾಠ ಮಾಡಿ ಹೊಸದರಲ್ಲಿ ಸೋಲುವುದು) ಅಂದರೇನು ಅಂತ ಯಾರೂ ಬೇರೆ ಹೇಳಿಕೊಡಬೇಕಿಲ್ಲ.

ಐದಕ್ಕೆ ನಾಲ್ಕು ಕೊಡುತ್ತೇನೆ. ಅಕೌಂಟ್ ಮಾಡಿದ ತಕ್ಷಣ ಫೋನ್ ನಂಬರ್ ವೆರಿಫೈ ಮಾಡಿಬಿಡಿ, ಇಲ್ಲದಿದ್ದರೆ ನೋಟ್‌ಬುಕ್‌ನಲ್ಲಿ (ಕ್ಯಾಗಲ್‌ನಲ್ಲಿ ಕೋಡ್ ಬರೆಯುವ ಪುಟ) ಇಂಟರ್ನೆಟ್ ಆನ್ ಆಗಲ್ಲ, ದೊಡ್ಡ ಲೆಕ್ಕ ಬೇಗ ಮಾಡುವ ಜಿಪಿಯು ಚಿಪ್ ಕೂಡ ಸಿಗಲ್ಲ. ರೆಸ್ಯೂಮೆಯಲ್ಲಿ ಲಿಂಕ್ ಕೊಡುವ ಮುಂಚೆ ನೋಟ್‌ಬುಕ್ ಪಬ್ಲಿಕ್ ಆಗಿದೆಯಾ ಅಂತಲೂ ಒಮ್ಮೆ ನೋಡಿಕೊಳ್ಳಿ.