ಮಂಗನಬಾವಿಗೆ ತುರ್ತು ವಿಭಾಗ: ವೈದ್ಯರಿಗೆ ಐದು ಸ್ಟಾರ್, ರಿಸೆಪ್ಷನ್‌ಗೆ ಒಂದು

ಆಸ್ಪತ್ರೆಯ ಹೆಸರು ಬೇಡ, ಸೇವೆ ಹೇಗಿತ್ತು ಅಂತ ಹೇಳ್ತೀನಿ. ಮೂವತ್ತು ದಾಟಿದ ನನ್ನ ತಮ್ಮನಿಗೆ ಮಂಗನಬಾವು ಬಂತು. ಎರಡೂ ಕೆನ್ನೆ ಊದಿತ್ತು, ಅದು ಮಾಮೂಲಿ. ಆದರೆ ಬಾವು ದವಡೆಯ ಕೆಳಗಿನ ಗ್ರಂಥಿಗಳಿಗೂ ಹರಡಿ, ಕುತ್ತಿಗೆ ದಪ್ಪವಾಗಿ, ಬಾಯಲ್ಲಿ ಏನೋ ಇಟ್ಟುಕೊಂಡವನ ಹಾಗೆ ಮಾತಾಡೋಕೆ ಶುರು ಮಾಡಿದ. ಮಲಗಿದರೆ ಉಸಿರು ಕಟ್ಟುತ್ತೆ ಅಂತ ಎದ್ದು ಕೂರುತ್ತಿದ್ದ.

ಮೊದಲು ಒಂದು ವಿಡಿಯೋ ಸಲಹೆ ಸೇವೆಯನ್ನು ಕೇಳಿದೆವು. ಬೆರಳಿನ ಮೀಟರ್‌ನಲ್ಲಿ ಆಕ್ಸಿಜನ್ ಸರಿ ಇದೆ, ನೋವಿನ ಮಾತ್ರೆ ಸಾಕು ಅಂದರು. ಇವರಿಗೆ ಸೊನ್ನೆ. ಗಂಟಲೊಳಗೆ ಊದಿ ಉಸಿರಿನ ದಾರಿ ಕಿರಿದಾಗುತ್ತಿದ್ದರೂ ಆ ಅಂಕಿ ತುಂಬಾ ಹೊತ್ತು ಚೆನ್ನಾಗಿಯೇ ಇರಬಹುದು, ಬೀಳುವಷ್ಟರಲ್ಲಿ ತಡವಾಗಿರುತ್ತೆ. ದನಿ ಬದಲಾಗಿದೆ ಅಂದಾಗಲೇ ಆಸ್ಪತ್ರೆಗೆ ಹೋಗಿ ಅನ್ನಬೇಕಿತ್ತು, ಅಲ್ವಾ?

ಆಸ್ಪತ್ರೆಯ ರಿಸೆಪ್ಷನ್ ಇನ್ನೊಂದು ಥರ. ಮಂಗನಬಾವು ಅಂತ ಹೇಳಿದರೂ ಮಾಸ್ಕ್ ಕೊಡದೆ ಮಕ್ಕಳ ಪಕ್ಕ ಕೂರಿಸಿದರು. ಎಂಜಲಿನಿಂದ, ಕೆಮ್ಮಿನಿಂದ ಹರಡುವ ರೋಗ ಇದು, ಬಾವು ಶುರುವಾದ ಮೇಲೆ 5 ದಿನ ಬೇರೆ ಇರಬೇಕು. ಪುಣ್ಯಕ್ಕೆ ಒಬ್ಬ ನರ್ಸ್ ಅವನ ದನಿ ಕೇಳಿ, ಫಾರ್ಮ್ ಆಮೇಲೆ ತುಂಬಿ ಅಂತ ನೇರವಾಗಿ ಒಳಗೆ ಕರೆದುಕೊಂಡು ಹೋದರು.

ಒಳಗಿನ ಕೆಲಸಕ್ಕೆ ಪೂರ್ತಿ ಅಂಕ. ಬಲವಂತವಾಗಿ ಮಲಗಿಸಲಿಲ್ಲ, ಕೂತ ಹಾಗೆಯೇ ಬಿಟ್ಟರು. ಕಿವಿ-ಮೂಗು-ಗಂಟಲು ವೈದ್ಯರು ಮೂಗಿನಿಂದ ತೆಳ್ಳಗಿನ ಕ್ಯಾಮೆರಾ ಪೈಪ್ ಇಳಿಸಿ ನೋಡಿದರೆ, ಧ್ವನಿಪೆಟ್ಟಿಗೆಯ ಮೇಲಿನ ಭಾಗ ಊದಿಕೊಂಡಿತ್ತು. ಊದಿದ ಗ್ರಂಥಿಗಳು ದುಗ್ಧನಾಳಗಳನ್ನು, ಅಂದರೆ ಮೈಯೊಳಗಿನ ಹೆಚ್ಚುವರಿ ನೀರನ್ನು ಸಾಗಿಸುವ ಸಣ್ಣ ನಾಳಗಳನ್ನು, ಅದುಮಿದಾಗ ನೀರು ಅಲ್ಲೇ ನಿಂತು ಹೀಗಾಗುತ್ತೆ, ಅಪರೂಪ, ಆದರೆ ದೊಡ್ಡವರಲ್ಲಿ ಆಗಬಹುದು ಅಂತ ವಿವರಿಸಿದರು. ವೈರಸ್ಸಿಗೆ ಅಂತಲೇ ಔಷಧಿ ಇಲ್ಲ. ಊತ ಇಳಿಯಲು ಸ್ಟೀರಾಯ್ಡ್ ರಕ್ತನಾಳದ ಮೂಲಕ ಕೊಟ್ಟು ಐಸಿಯುನಲ್ಲಿ ಇಟ್ಟುಕೊಂಡರು. ಉಸಿರಿನ ಟ್ಯೂಬ್, ಕುತ್ತಿಗೆಯಲ್ಲಿ ರಂಧ್ರ ಮಾಡುವ ಸಾಮಾನು ಎಲ್ಲಾ ಪಕ್ಕದಲ್ಲೇ ಸಿದ್ಧವಾಗಿತ್ತು. ಕೆಲವರಿಗೆ ಅದೂ ಬೇಕಾಗುತ್ತಂತೆ, ಇವನಿಗೆ ಬೇಕಾಗಲಿಲ್ಲ.

ಐಸಿಯು ಹೊರಗೆ ಕಾಯುವವರಿಗೆ ಯಾರೂ ಏನೂ ಹೇಳಲ್ಲ, ಅದೊಂದು ಬೇಜಾರು. ಡಿಸ್ಚಾರ್ಜ್ ಚೀಟಿ ಮಾತ್ರ ಚೆನ್ನಾಗಿತ್ತು: ಉಸಿರೆಳೆಯುವಾಗ ಕೀರಲು ಸದ್ದು, ಜೊಲ್ಲು ನುಂಗಲು ಆಗದಿರುವುದು, ವೃಷಣದಲ್ಲಿ ನೋವು, ಕಿವಿ ಮಂದವಾಗುವುದು, ಯಾವುದಿದ್ದರೂ ತಕ್ಷಣ ಬನ್ನಿ ಅಂತ ಬರೆದಿದ್ದರು. ಮನೆಯ ಉಳಿದವರು ಮಂಗನಬಾವು, ದಡಾರ, ರುಬೆಲ್ಲಾ ಮೂರನ್ನೂ ತಡೆಯುವ ಎಂಎಂಆರ್ ಲಸಿಕೆಯ ಎರಡು ಡೋಸ್ ತಗೊಂಡಿದ್ದಾರಾ ಅಂತಲೂ ಕೇಳಿ ಕಳಿಸಿದರು.