ಕಾರಿನ ಕೀ ಕೇಸ್ ಒಡೆದಾಗ: ಗಮ್ಮು, ಆನ್‌ಲೈನ್ ಶೆಲ್, ಕೀ ಅಂಗಡಿ ಮೂರೂ ಮಾಡಿ ನೋಡಿದ್ದು

ಹೋದ ಬೇಸಿಗೆಯಲ್ಲಿ ದಾವಣಗೆರೆಯ ಮಂಡಿಪೇಟೆಯಲ್ಲಿ ಸಾಮಾನು ತಗೊಂಡು ಡಿಕ್ಕಿ ತೆಗೆಯಲು ಹೋದಾಗ ಕಾರಿನ ಕೀ ಕೈ ಜಾರಿ ಕಲ್ಲಿನ ಮೇಲೆ ಬಿತ್ತು. 2014ರ ಕಾರು, ಬಟನ್ ಒತ್ತಿದರೆ ಪಟ್ ಅಂತ ಬ್ಲೇಡ್ ಹೊರಬರುವ ಫ್ಲಿಪ್ ಕೀ. ಕೀ ಬಂಚ್ ಸಿಕ್ಕಿಸುವ ಕಿವಿ ಮುರಿದಿತ್ತು, ಮೇಲಿನ ಮುಚ್ಚಳ ಬಾಯಿ ಬಿಟ್ಟಿತ್ತು. ಲಾಕ್ ಬಟನ್ನಿನ ರಬ್ಬರ್ ಅಂತೂ ಮೊದಲೇ ಹರಿದಿತ್ತು. ಆದರೆ ಒಳಗಿನ ಬೋರ್ಡಿಗೆ ಏನೂ ಆಗಿರಲಿಲ್ಲ, ಒತ್ತಿದರೆ ಕಾರು ಲಾಕ್ ಆಗುತ್ತಿತ್ತು.

ಶೋರೂಮಿನಲ್ಲಿ ವಿಚಾರಿಸಿದೆ. ಬರೀ ಕೇಸ್ ಸಿಗಲ್ಲ, ಪ್ರೋಗ್ರಾಮಿಂಗ್ ಸೇರಿ ಹೊಸ ರಿಮೋಟ್ ಕೀಗೆ 6,500 ರೂಪಾಯಿ ಆಗುತ್ತೆ, ಬರೋಕೆ ಎರಡು ವಾರ ಬೇಕು ಅಂದರು. ಕೆಟ್ಟಿರುವುದು ಪ್ಲಾಸ್ಟಿಕ್ ಮಾತ್ರ, ಅದಕ್ಕೆ ಅಷ್ಟು ದುಡ್ಡು ಕೊಡಲು ಮನಸ್ಸು ಒಪ್ಪಲಿಲ್ಲ.

ಮೊದಲು ಮಾಡಿದ್ದು, ಹಾಕಿದ ತಕ್ಷಣ ಅಂಟುವ ಹತ್ತು ರೂಪಾಯಿ ಗಮ್ಮಿನ ಕೆಲಸ. ಒಂಬತ್ತು ದಿನ ತಡೆಯಿತು. ಆ ಜಾತಿಯ ಗಮ್ಮು ಎಳೆದರೆ ಗಟ್ಟಿ, ಬಿದ್ದ ಪೆಟ್ಟಿಗೆ ಮಾತ್ರ ಗಾಜಿನ ಹಾಗೆ ಸೀಳುತ್ತದೆ. ಕೇಸಿನ ಸುತ್ತ ಬೂದಿ ಬಳಿದಂತೆ ಬಿಳಿ ಕಲೆ ಉಳಿಯಿತು. ಅದಕ್ಕಿಂತ ದೊಡ್ಡ ತೊಂದರೆ ಇನ್ನೊಂದಿದೆ: ಅಂಟಿಸಿದ ಮೇಲೆ ಸೆಲ್ ಬದಲಿಸಲು ಕೇಸ್ ಬಿಚ್ಚಲಾಗುವುದಿಲ್ಲ, ಮತ್ತೆ ಒಡೆಯಲೇಬೇಕು. ಗಮ್ಮು ಒಳಗೆ ಇಳಿದು ಬೋರ್ಡಿನ ಪುಟ್ಟ ಸ್ವಿಚ್ಚಿಗೆ ತಾಗಿದರೆ ಒಳ್ಳೆಯ ರಿಮೋಟೂ ಕೆಟ್ಟುಹೋಗುತ್ತದೆ. ಮೇಲೆ ಹಾಕುವ 150 ರೂಪಾಯಿಯ ಸಿಲಿಕಾನ್ ಕವರ್ ಕೂಡ ತಂದೆ. ಹರಿದ ಬಟನ್ ಮುಚ್ಚಿಡಲು ಅದು ಸಾಕು, ಮುರಿದ ಕಿವಿಗೆ ಅದರಿಂದ ಏನೂ ಆಗಲ್ಲ.

ಆಮೇಲೆ ಆನ್‌ಲೈನಿನಲ್ಲಿ 240 ರೂಪಾಯಿಗೆ ಖಾಲಿ ಶೆಲ್, ಅಂದರೆ ಒಳಗೆ ಬೋರ್ಡ್ ಇಲ್ಲದ ಬರೀ ಕೇಸ್ ತರಿಸಿದೆ. ಇಲ್ಲಿ ನನಗೆ ಆದದ್ದನ್ನು ಬಿಡಿಸಿ ಹೇಳಬೇಕು, ಯಾಕೆಂದರೆ ಇದೇ ತಪ್ಪು ಬಹಳ ಜನರಿಗೆ ಆಗುವಂಥದ್ದು. ಹಳೇ ಕೇಸ್ ಬಿಚ್ಚಿ, ಬೋರ್ಡ್ ಮತ್ತು ಬ್ಲೇಡ್ ಹೊಸದಕ್ಕೆ ಹಾಕಿ, ಹಳೇದನ್ನು ಕಸದ ಬುಟ್ಟಿಗೆ ಎಸೆದೆ. ಬಟನ್ ಒತ್ತಿದೆ, ಬಾಗಿಲು ತೆರೆಯಿತು. ಕೀ ತಿರುಗಿಸಿದೆ. ಎಂಜಿನ್ ಒಂದು ಸೆಕೆಂಡ್ ಹತ್ತಿಕೊಂಡು ನಿಂತುಹೋಯಿತು. ಮತ್ತೆ ತಿರುಗಿಸಿದರೂ ಅಷ್ಟೇ, ಮೀಟರಿನಲ್ಲಿ ಕೀ ಚಿತ್ರದ ದೀಪ ಮಿಣುಕುತ್ತಿತ್ತು.

ಕೀ ಒಳಗೆ ಎರಡು ಬೇರೆ ಬೇರೆ ಕೆಲಸಗಳಿವೆ. ಬಾಗಿಲು ತೆರೆಯುವುದು ರಿಮೋಟ್ ಬೋರ್ಡ್. ಅದು ಸೆಲ್ಲಿನಿಂದ ನಡೆಯುತ್ತದೆ, ಇಲ್ಲಿನ ಕಾರುಗಳಲ್ಲಿ ಸಾಮಾನ್ಯವಾಗಿ 433 ಮೆಗಾಹರ್ಟ್ಸ್‌ನಲ್ಲಿ ಸಿಗ್ನಲ್ ಕಳಿಸುತ್ತದೆ. ಎಂಜಿನ್‌ಗೆ ಒಪ್ಪಿಗೆ ಕೊಡುವುದು ಟ್ರಾನ್ಸ್‌ಪಾಂಡರ್ ಚಿಪ್. ಅದಕ್ಕೆ ಸೆಲ್ ಬೇಡ. ಕೀ ಹಾಕುವ ತೂತಿನ ಸುತ್ತ ಇರುವ ಕಾಯಿಲ್ಲಿನಿಂದಲೇ ಅದಕ್ಕೆ ಕರೆಂಟ್ ಸಿಗುತ್ತದೆ, ತನ್ನ ನಂಬರ್ ಹೇಳುತ್ತದೆ. ನಂಬರ್ ಹೊಂದದಿದ್ದರೆ ಕಾರಿನೊಳಗಿನ ಇಮ್ಮೊಬಿಲೈಸರ್, ಅಂದರೆ ಕಳ್ಳತನ ತಡೆಯುವ ಸಾಧನ, ಎಂಜಿನ್ ನಡೆಯಲು ಬಿಡಲ್ಲ. ಕೆಲವು ಕೀಗಳಲ್ಲಿ ಈ ಚಿಪ್ ಬೋರ್ಡಿನಲ್ಲೇ ಇರುತ್ತದೆ. ನಮ್ಮದರಲ್ಲಿ ಅಲಸಂದೆ ಕಾಳಿನಷ್ಟು ಕಪ್ಪು ತುಂಡು, ಕೇಸಿನ ಗೋಡೆಯ ಗೂಡಿನಲ್ಲಿ ಕೂತಿತ್ತು, ಪ್ಲಾಸ್ಟಿಕ್ಕಿನ ಭಾಗವೇ ಅನ್ನುವ ಹಾಗೆ. ಕಸದ ಗಾಡಿ ಇನ್ನೂ ಪಕ್ಕದ ಬೀದಿಯಲ್ಲಿತ್ತು. ಬುಟ್ಟಿ ಸುರಿದು, ಈರುಳ್ಳಿ ಸಿಪ್ಪೆ ಸರಿಸಿ ಹಳೇ ಕೇಸ್ ಹುಡುಕಿ ತೆಗೆದಾಗ ನನ್ನ ಕೈ ನಡುಗುತ್ತಿತ್ತು.

ಎರಡನೇ ಕಷ್ಟ ಬ್ಲೇಡಿನ ಪಿನ್. ಒಂದೂವರೆ ಮಿಲಿಮೀಟರ್ ದಪ್ಪದ ಸ್ಟೀಲ್ ಪಿನ್, ಬ್ಲೇಡನ್ನು ಹಿಡಿದಿರುತ್ತದೆ. ಅದನ್ನು ಹೊರಗೆ ತಳ್ಳಲು ಮೊಳೆ, ಸುತ್ತಿಗೆ ಹಿಡಿದು ಅರ್ಧ ಗಂಟೆ ಒದ್ದಾಡಿದೆ. ಇನ್ನು ಸ್ಪ್ರಿಂಗು. ಮುಚ್ಚುವ ಮೊದಲು ಅದನ್ನು ಒಂದು ಸುತ್ತು ತಿರುಗಿಸಿ ಬಿಗಿ ಮಾಡಿಕೊಳ್ಳದಿದ್ದರೆ ಬ್ಲೇಡ್ ಅರ್ಧಕ್ಕೆ ಬಂದು ಜೋತಾಡುತ್ತದೆ.

ಆ 240ರ ಶೆಲ್ ನಾಲ್ಕು ತಿಂಗಳು ಬಂತು. ಬೋರ್ಡ್ ಒಳಗೆ ಸಡಿಲ, ಕಾಗದದ ಚೂರು ಮಡಚಿ ಇಟ್ಟಿದ್ದೆ. ಬಟನ್ ಗಟ್ಟಿ, ಹೆಬ್ಬೆರಳು ಊರಿ ಒತ್ತಬೇಕು. ಕೊನೆಗೆ ಮತ್ತೆ ಅದೇ ಕಿವಿಯ ಜಾಗದಲ್ಲೇ ಬಿರುಕು ಬಿಟ್ಟಿತು. ಆಮೇಲೆ 480ಕ್ಕೆ ಇನ್ನೊಂದು ತರಿಸಿದೆ. ಅದರ ಕಿವಿಗೆ ಲೋಹದ ಬಳೆ ಇದೆ, ಬೋರ್ಡ್ ಕೂತರೆ ಅಲ್ಲಾಡಲ್ಲ, ಬಟನ್ ಹಳೇದರಷ್ಟೇ ಮೆತ್ತಗೆ. ಏಳು ತಿಂಗಳಾಯಿತು, ಎರಡು ಸಲ ಬಿದ್ದಿದೆ, ಏನೂ ಆಗಿಲ್ಲ. 240 ರೂಪಾಯಿ ಹೆಚ್ಚಾದರೂ ಅದನ್ನೇ ತಗೊಳ್ಳಿ.

ತರಿಸುವ ಮುಂಚೆ ಫೋಟೋ ಎದುರಿಗಿಟ್ಟುಕೊಂಡು ನೋಡಬೇಕಾದ್ದು ಬಟನ್ ಎಷ್ಟು ಅನ್ನೋದು ಒಂದೇ ಅಲ್ಲ. ಸೆಲ್ ಹಿಡಿಯುವ ಲೋಹದ ಪಟ್ಟಿ ಬೋರ್ಡಿನಲ್ಲಿದೆಯೋ ಮುಚ್ಚಳದಲ್ಲಿದೆಯೋ, ಚಿಪ್ಪಿಗೆ ಗೂಡು ಇದೆಯೋ ಇಲ್ಲವೋ ನೋಡಿ. 480ರದ್ದಕ್ಕೆ ಮುಂಚೆ ನಾನು ಬುಕ್ ಮಾಡಿದ್ದ ಇನ್ನೊಂದರಲ್ಲಿ ಗೂಡೇ ಇರಲಿಲ್ಲ, ವಾಪಸ್ ಕಳಿಸಿದೆ.

ಇನ್ನು ಕೀ ಅಂಗಡಿ. ಮನೆಯವಳ ಹತ್ತಿರ ಇದ್ದ ಎರಡನೇ ಕೀಯ ಬಟನ್ ಕೂಡ ಹರಿದಿತ್ತು. ಚಿತ್ರದುರ್ಗಕ್ಕೆ ಹೋದಾಗ ಸಂತೆಹೊಂಡದ ಹತ್ತಿರ ಬೀಗ, ಕೀ ಮಾಡುವ ಒಬ್ಬ ಹಿರಿಯರಿಗೆ ಕೊಟ್ಟೆ. ಸಂದಿಗೆ ಚಾಕುವಿನ ಮೊನೆ ಕೊಟ್ಟು ತಿರುಚಿದರು, ಕೇಸ್ ಟಪ್ಪಂತ ಬಿಚ್ಚಿಕೊಂಡಿತು. ಮೊದಲು ಚಿಮುಟದಲ್ಲಿ ಚಿಪ್ ಎತ್ತಿ ಬಾಟಲಿ ಮುಚ್ಚಳದೊಳಗೆ ಇಟ್ಟರು.

“ಇದನ್ನ ಮೊದ್ಲು ಎತ್ತಿಡಬೇಕು ಸಾರ್. ಇದು ಹೋದ್ರೆ ಕೀ ಹೋದಂಗೆ” ಅಂದರು.

ಪಿನ್ ಅವರಿಗೆ ಎರಡೇ ಪೆಟ್ಟು. ಹೊಸ ಬ್ಲೇಡ್ ಕಟ್ ಮಾಡಿಸಲೇ ಯಜಮಾನ್ರೇ ಅಂತ ಕೇಳಿದರೆ ಬೇಡ ಅಂದರು. “ನಿಮ್ ಲಾಕು ಈ ಕೀ ಜೊತೆಗೇ ಸವೆದಿರ್ತದೆ, ಇದೇ ಇರ್ಲಿ” ಅಂತ ಹಳೇದನ್ನೇ ಕೂರಿಸಿದರು. ಬೋರ್ಡಿನಲ್ಲಿ ಒಂದು ಸ್ವಿಚ್ ಸತ್ತಿದ್ದನ್ನು ಕಂಡು ಬೆಸುಗೆ ಹಾಕಿ ಹೊಸದು ಕೂರಿಸಿದರು. ಶೆಲ್, ಸ್ವಿಚ್, ಕೂಲಿ ಎಲ್ಲ ಸೇರಿ 750 ರೂಪಾಯಿ, ಇಪ್ಪತ್ತೈದು ನಿಮಿಷ. ಅವರ ಹತ್ತಿರ ಇದ್ದ ಶೆಲ್ ನನ್ನ 480ರದ್ದಕ್ಕಿಂತ ಸ್ವಲ್ಪ ಕಡಿಮೆ ದರ್ಜೆಯದು, ಮುಚ್ಚಳದ ಸಂದಿ ಕಾಣುತ್ತದೆ. ಕೆಲಸ ಮಾತ್ರ ನನ್ನದಕ್ಕಿಂತ ಎಷ್ಟೋ ಚೊಕ್ಕ. ಆ ಸ್ವಿಚ್ ಕೆಟ್ಟಿದ್ದು ನನಗೆ ಗೊತ್ತೇ ಆಗುತ್ತಿರಲಿಲ್ಲ, ಹೊಸ ಶೆಲ್ ಹಾಕಿಯೂ ಬಟನ್ ಕೆಲಸ ಮಾಡ್ತಿಲ್ಲ ಅಂತ ಶೆಲ್ಲನ್ನೇ ಬೈಯುತ್ತಿದ್ದೆ.

ಹಾಗಾಗಿ ಯಾರಾದರೂ ಕೇಳಿದರೆ ನಾನು ಮೊದಲು ಕೇಳುವುದು, ಮನೆಯಲ್ಲಿ ಇನ್ನೊಂದು ಕೀ ಇದೆಯಾ ಅಂತ. ಇದ್ದರೆ, ಸುತ್ತಿಗೆ ಹಿಡಿದು ಅಭ್ಯಾಸವೂ ಇದ್ದರೆ, ಒಳ್ಳೆಯ ಶೆಲ್ ತರಿಸಿ ಸ್ವಂತ ಮಾಡಿಕೊಳ್ಳಿ. ಇರುವುದು ಒಂದೇ ಕೀ ಆದರೆ ಮನೆಯಲ್ಲಿ ಬಿಚ್ಚಲೇಬೇಡಿ. ಇನ್ನೂರು ಮುನ್ನೂರು ಹೆಚ್ಚು ಕೊಟ್ಟರೂ ಕೀ ಅಂಗಡಿಗೇ ಹೋಗಿ, ಸಾಧ್ಯವಾದರೆ ಶೆಲ್ ನೀವೇ ತರಿಸಿಕೊಂಡು ಹೋಗಿ ಕೂರಿಸುವ ಕೂಲಿ ಮಾತ್ರ ಕೊಡಿ. ಕೀ ಬಿಟ್ಟು ಬರಬೇಡಿ, ಎದುರಿಗೇ ಕೂತು ಮಾಡಿಸಿ. ಹಣ ಕೊಡುವ ಮುಂಚೆ ಬಾಗಿಲು ತೆರೆಯುವುದನ್ನಷ್ಟೇ ನೋಡದೆ ಎಂಜಿನ್ ಸ್ಟಾರ್ಟ್ ಮಾಡಿ, ಒಂದು ನಿಮಿಷ ಓಡಲು ಬಿಡಿ.